ಪ್ಯಾಕೇಜು ವಹಿಸಿಕೊಂಡ ಹೊಸಬರು

ದೊಡ್ಡಆಲಹಳ್ಳಿ
ಗುರುವಾರ

ಮಾಗಡಿಯ ಅನಂತರಾಜು ಮೇಷ್ಟ್ರಿಗೆ, ಹಾಲಿನ ಡೇರಿಯ ಲತಾಮಣಿ ಮಾಡುವ ನಮಸ್ಕಾರ.

ಇದನ್ನು ನಿಮಗೆ ನಿಮ್ಮ ಮನೆಯವರಾದ ಸರಸಮ್ಮನವರು ಓದಿ ಹೇಳಬೇಕು. ಸರಸಮ್ಮನವರೇ, ಕಣ್ಣಿನ ಮಾತು ಬಂದ ಕಡೆ ಬೇಕಾದರೆ ಬಿಟ್ಟು ಓದಿ. ಫೋನಿನಲ್ಲಿ ಕೇಳಲು ಸಂಕೋಚವಾಗಿ ಬರೆಯುತ್ತಿದ್ದೇನೆ.

ಹಾಲಿನ ಲೆಕ್ಕದ ಚೀಟಿ ಹೊಡೆಯುವ ನಮ್ಮ ಹಳೆಯ ಪ್ರಿಂಟರ್ ಡೇರಿ ಕಂಪ್ಯೂಟರಿನ ಲಿನಕ್ಸಿನಲ್ಲಿ ಓಡುತ್ತಿದ್ದದ್ದು ನೀವು ಪುಕ್ಕಟೆಯಾಗಿ ನೋಡಿಕೊಳ್ಳುತ್ತಿದ್ದ ಪ್ಯಾಕೇಜಿನಿಂದ, ಅಂದರೆ ಆ ಪುಟ್ಟ ಪ್ರೋಗ್ರಾಮಿನಿಂದ. ನೀವು ಕೈಬಿಟ್ಟ ಮೇಲೆ ಅದನ್ನು ಬೇರೆ ಯಾರೋ ವಹಿಸಿಕೊಂಡಿದ್ದಾರೆ. ಹಳೆಯದು ಈಗ ಓಡುತ್ತಿಲ್ಲ, ಅವರ ಹೊಸದನ್ನೇ ಹಾಕಬೇಕು. "ಹಾಕ್ಬುಡಮ್ಮಿ, ಅದೇನ್ ಕಚ್ಚುತ್ತಾ?" ಅನ್ನುತ್ತಾರೆ ಕಾರ್ಯದರ್ಶಿ ಬೈರೇಶಣ್ಣ. ನನಗೆ ಕೈ ಬರುತ್ತಿಲ್ಲ. ಹಾಲು ಹಾಕುವವರ ಬ್ಯಾಂಕಿನ ನಂಬರುಗಳೆಲ್ಲ ಅದೇ ಕಂಪ್ಯೂಟರಿನಲ್ಲಿವೆ. ಕೆಟ್ಟದ್ದೇನಾದರೂ ಒಳಗೆ ನುಸುಳಿದರೆ ಯಾರಿಗೆ ಏನು ಹೇಳಲಿ? ಹಾಲನ್ನಾದರೆ ತಂದವರ ಮುಖ ನೋಡಿ ಕ್ಯಾನಿಗೆ ಸುರಿಸಿಕೊಳ್ಳುತ್ತೇನೆ. ಪ್ಯಾಕೇಜನ್ನೂ ಹಾಗೆಯೇ ನಿಮ್ಮ ಮುಖ ನೋಡಿ ಹಾಕಿಕೊಂಡಿದ್ದೆ.

"ಹಾಕೋಕ್ ಮುಂಚೆ ಪ್ಯಾಕೇಜ್ ಜೊತೇಲ್ ಬರೋ ಫೈಲ್ ಒಸಿ ಓದೋದ್ ಕಲ್ತ್ಕೋ ಮಣಿ. ಎಲ್ಲಿಂದ ಏನ್ ತರ್ತೈತೆ ಅಂತ ಅದ್ರಲ್ಲೇ ಬರ್ದಿರ್ತದೆ" ಅಂತ ಹಿಂದೊಮ್ಮೆ ನೀವು ಅಂದಿದ್ದಿರಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೆ ಅದೆಲ್ಲ ಯಾಕೆ, ನೀವಿದ್ದೀರಲ್ಲ ಅಂದುಬಿಟ್ಟೆ. ಆಗ ನಿಮಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು.

ಇಂಗ್ಲಿಷ್ ಅಕ್ಷರಗಳನ್ನಂತೂ ಗುರುತು ಹಿಡಿಯುತ್ತೇನೆ. ಸಂಜೆಯ ಹಾಲು ಮುಗಿಸಿ ಫೋನ್ ಮಾಡಲೇ? ಫೈಲನ್ನು ಒಂದೊಂದೇ ಅಕ್ಷರವಾಗಿ ಓದುತ್ತೇನೆ, ಚುಕ್ಕೆ, ಅಡ್ಡಗೆರೆ ಒಂದನ್ನೂ ಬಿಡುವುದಿಲ್ಲ. ಅನುಮಾನ ಬಂದ ಕಡೆ ನನ್ನನ್ನು ನಿಲ್ಲಿಸಿ, ಯಾಕೆಂದು ಹೇಳಿಕೊಡಿ. ಅಲ್ಲಿಯವರೆಗೆ ಚೀಟಿಗಳನ್ನು ಕೈಯಲ್ಲೇ ಬರೆಯುತ್ತಿರುತ್ತೇನೆ.

ನಿಮ್ಮ ಒಪ್ಪಿಗೆಗೆ ಕಾದಿರುವ,
ಲತಾಮಣಿ