ಜ್ವರವಿಲ್ಲ ಎಂದು ಬರೆದ ಚೀಟಿ

ಕಟ್ಟಡದ ಶೆಡ್ಡಿನಿಂದ
ತಾರೀಖು ೧೮, ಭಾನುವಾರ

ಅಕ್ಕ,

ಹೇಗಿದ್ದೀಯ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನೀನು ನೋಡಿಕೊಳ್ಳುತ್ತಿರುವ ಆ ಅಜ್ಜಿ ಈಗಲಾದರೂ ನಿನ್ನನ್ನು ಎರಡು ಗಂಟೆ ಮಲಗಲು ಬಿಡುತ್ತಾರಾ? ಮಗ ಹೋದ ಅಂದರೂ ರಜೆ ಕೊಡದ ಮನೆಯವರು, ಅವರಿಂದ ಏನು ಕೇಳೋದು.

"ಫೋನಲ್ಲಿ ನೀನು ಮಾತು ತಿರುಗಿಸ್ತೀಯ ಕಣೋ, ಏನಾಯ್ತು ಅಂತ ಎಲ್ಲಾ ಬರೆದು ಕಳ್ಸು" ಎಂದು ನೀನು ಹೇಳಿ ಹದಿನೈದು ದಿನವಾಯಿತು. ತಡವಾಯಿತು ಅಂತ ಬೈಯಬೇಡ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲ ಎದ್ದು ಹೋದೆ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲೂ ಮೂರು ಗಂಟೆ ಪೂರ್ತಿ ಕೂತವನಲ್ಲ ನಾನು. ನೀನು ನನಗೆ ಚಕ್ರ ಅಂತ ಸುಮ್ಮನೆ ಹೆಸರಿಟ್ಟಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಿನ್ನ ದೊಡ್ಡವಳು ಹುಷಾರಾಗಿದ್ದಾಳೆ. ಮೂರು ದಿನದ ಮಾತ್ರೆಯನ್ನೂ ಉಗುಳದೆ ನುಂಗಿದಳು. ಈಗ ಎದ್ದು ಓಡಾಡುತ್ತಾಳೆ, ನನ್ನ ಮೇಲೆ ಜೋರು ಮಾಡುತ್ತಾಳೆ. ತಮ್ಮನ ಚಪ್ಪಲಿ ಎಲ್ಲಿ ಅಂತ ಮಾತ್ರ ದಿನಕ್ಕೊಮ್ಮೆ ಕೇಳುತ್ತಾಳೆ. ಅಮ್ಮ ಅವನ್ನು ಬಟ್ಟೆಗಂಟಿನೊಳಗೆ ಇಟ್ಟಿದ್ದಾಳೆ.

ನನ್ನದು ಈ ವರ್ಷದ ಮೂರನೇ ಕೆಲಸ. ಹೊಸದಾಗಿ ಹಾಕಿದ ಕಾಂಕ್ರೀಟು ಬಿರುಕು ಬಿಡಬಾರದಲ್ಲ, ಅದಕ್ಕೆ ತಾರಸಿಯ ಮೇಲೆ ಗಾರೆಯಲ್ಲಿ ಪುಟ್ಟ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇನೆ. ನಾಲ್ಕು ಮಹಡಿಯಲ್ಲೂ ನೀರು, ಅದರ ಕೆಳಗೆ ನಮ್ಮ ಶೆಡ್ಡು. "ನೋಡೋ, ಸೊಳ್ಳೆ ಸಾಕೋಕೂ ಸಂಬಳ ಕೊಡ್ತೀವಿ ನಿಂಗೆ" ಎಂದು ಮೇಸ್ತ್ರಿ ಒಂದು ದಿನ ತಮಾಷೆ ಮಾಡಿದ್ದ. ಆಗ ನಾನೂ ನಕ್ಕಿದ್ದೆ.

ಸರಿ, ನಿನ್ನ ಮರಿಯ ವಿಷಯಕ್ಕೆ ಬರುತ್ತೇನೆ. ಸೋಮವಾರ ಮಧ್ಯಾಹ್ನ ಅವನಿಗೆ ನಡುಕ ಬಂತು. ಎರಡು ಹೊದಿಕೆ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಸಂಜೆ ಮೈಯೆಲ್ಲ ಬೆವೆತು ಜ್ವರ ಬಿಟ್ಟಿತು. ಮಂಗಳವಾರ ಏನೂ ಇಲ್ಲ, ಮರಳಗುಡ್ಡೆ ಮೇಲೆ ಆಡಿಕೊಂಡಿದ್ದ. ಬುಧವಾರ ಬೆಳಿಗ್ಗೆ ಮತ್ತೆ ಮೈ ಬಿಸಿಯಾಯಿತು. ಅಮ್ಮ, "ಇನ್ನು ಕಾಯೋದು ಬೇಡ, ಆಸ್ಪತ್ರೆಗೆ ಕರ್ಕೊಂಡ್ಹೋಗು" ಎಂದಳು. ನಮ್ಮ ಶೆಡ್ಡುಗಳ ಪದ್ಧತಿ ನಿನಗೆ ಗೊತ್ತಲ್ಲ, ಆಸ್ಪತ್ರೆಗೆ ಹೋಗುವ ಮಗುವನ್ನು ಮದುವೆಗೆ ಹೊರಟ ಹಾಗೆ ಸಿಂಗರಿಸುತ್ತಾರೆ. ಅಮ್ಮ ಬಿಸಿನೀರಲ್ಲಿ ಮೈ ಒರೆಸಿ, ಪೌಡರ್ ಬಳಿದು, ನೀನು ಕಳಿಸಿದ ಕೆಂಪು ಅಂಗಿ ಹಾಕಿದಳು. "ಗಲೀಜಾಗಿ ಕರ್ಕೊಂಡ್ಹೋದ್ರೆ ಅವ್ರು ಮುಟ್ಟೋದೂ ಇಲ್ಲ, ಯಾರ್ ಮಕ್ಳೋ ಅಂತಾರೆ" ಎಂದಳು.

ಆಸ್ಪತ್ರೆಯಲ್ಲಿ ಸಾಲು ಗೇಟಿನವರೆಗೆ ಇತ್ತು. ನಮ್ಮ ಮುಂದೆ ಒಬ್ಬ ಗಾರೆ ಕೆಲಸದವನು ಮಗಳನ್ನು ಎತ್ತಿಕೊಂಡಿದ್ದ. ಅವನನ್ನು ರಕ್ತ ಪರೀಕ್ಷೆಯ ಬೆಂಚಿಗೆ ಕಳಿಸಿದರು. ಆ ಬೆಂಚಿನಲ್ಲಿ ಕೂರಲು ಜಾಗವಿಲ್ಲದೆ ಜನ ನೆಲದ ಮೇಲೆಲ್ಲ ಕೂತಿದ್ದರು. ನಮ್ಮ ಸರದಿ ಬಂದಾಗ ನರ್ಸಮ್ಮ ಮರಿಯ ಕಂಕುಳಿಗೆ ಥರ್ಮಾಮೀಟರ್ ಇಟ್ಟರು. ನೋಡಿದರು. "ಏನಪ್ಪ, ಜ್ವರ ಎಲ್ಲಿದೆ? ಮದುಮಗ ಇದ್ದಂಗಿದ್ದಾನೆ" ಎಂದರು. ಮರಿಯೂ ಅವರ ಕೈಗಡಿಯಾರ ಹಿಡಿದು ನಗುತ್ತಿದ್ದ. ಡಾಕ್ಟರ್ ಹತ್ತಿರ ಕಳಿಸಲಿಲ್ಲ, ಒಂದು ತೊಟ್ಟು ರಕ್ತ ತೆಗೆಯಲಿಲ್ಲ. "ಮತ್ತೆ ಮೈ ಬಿಸಿ ಆದ್ರೆ ಆಗಲೇ ಕರ್ಕೊಂಡ್ಬಾ" ಎಂದು ಒಂದು ಚೀಟಿ ಬರೆದುಕೊಟ್ಟು ಮುಂದಿನವರನ್ನು ಕರೆದರು. ಆ ಚೀಟಿ ಎಲ್ಲೋ ಕಳೆದುಹೋಯಿತು.

ಅವತ್ತೇ ಮಧ್ಯಾಹ್ನ ಜ್ವರ ಬಂತು. "ಬೆಳಿಗ್ಗೆ ತಾನೇ ತೋರಿಸ್ಕೊಂಡ್ ಬಂದಿದ್ದೀವಿ, ಏನೂ ಇಲ್ಲ ಅಂದ್ರಲ್ಲ" ಎಂದು ನಾನೇ ಅಮ್ಮನ ಬಾಯಿ ಮುಚ್ಚಿಸಿದೆ. ಗುರುವಾರ ಮರಿ ಎದ್ದೇಳಲಿಲ್ಲ, ನೀರು ಕೊಟ್ಟರೆ ಕಟಬಾಯಲ್ಲಿ ಹರಿಯಿತು. ಆಟೋದಲ್ಲಿ ಕೈಕಾಲು ಸೆಟೆದುಕೊಂಡವು. ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿ, ಮಲೇರಿಯಾ, ಮಿದುಳಿಗೆ ಏರಿದೆ ಎಂದರು. "ನಿನ್ನೆ ಬಂದಿದ್ರೆ" ಎಂದು ಡಾಕ್ಟರ್ ಮಾತು ಅರ್ಧಕ್ಕೇ ನಿಲ್ಲಿಸಿದರು. ಮುಂದಿನದು ನಿನಗೆ ಗೊತ್ತು.

ನಾಲ್ಕು ದಿನ ಬಿಟ್ಟು ದೊಡ್ಡವಳಿಗೂ ಶುರುವಾಯಿತು. ಈ ಸಲ ಅಮ್ಮನೂ ಬಂದಳು. ಅದೇ ಸಾಲು, ಅದೇ ನರ್ಸಮ್ಮ. ಇವಳ ಮೈಯೂ ತಣ್ಣಗಿತ್ತು. ಅಮ್ಮ, "ಬೆಳಿಗ್ಗೆ ಒಂದು ಮುಚ್ಚಳ ಜ್ವರದ ಸಿರಪ್ ಕುಡಿಸಿದ್ದೀನಿ ತಾಯಿ, ಅದಕ್ಕೇ ಹಿಂಗಿದ್ದಾಳೆ" ಎಂದಳು. ನರ್ಸಮ್ಮ ಪೆನ್ನು ಕೆಳಗಿಡದೆ ರಕ್ತ ಪರೀಕ್ಷೆಗೆ ಬರೆದರು. ಸಂಜೆಯವರೆಗೆ ಕೂತೆವು, ಮಾತ್ರೆ ಕೊಟ್ಟರು. ನೋಡಿದೆಯಾ ಅಕ್ಕ, ಒಂದು ಮಗು ಹೋದಮೇಲೆ ಇವರಿಗೆ ಬುದ್ಧಿ ಬಂತು.

ನಾನು ಸುಮ್ಮನಿರಲಿಲ್ಲ. ಶೆಡ್ಡಿನ ಜನರನ್ನೆಲ್ಲ ಕಟ್ಟಿಕೊಂಡು ಹೋಗಿ ಆಸ್ಪತ್ರೆ ಮುಂದೆ ಕೂಗಾಡಿದೆ. ಮೇಸ್ತ್ರಿ ಕೂಡ, "ನಿಂಗೆ ಇಷ್ಟು ಬಾಯಿದೆ ಅಂತ ಗೊತ್ತಿರ್ಲಿಲ್ಲ" ಎಂದ. ನರ್ಸಮ್ಮನನ್ನು ಕೆಲಸಕ್ಕೆ ಬರಬೇಡಿ ಎಂದು ಮನೆಗೆ ಕಳಿಸಿದ್ದಾರೆ. ಮುಂದಿನ ತಿಂಗಳು ವಿಚಾರಣೆ. ಮರಿಯ ಅಪ್ಪ ಅನ್ನಿಸಿಕೊಂಡವನು ಯಾವ ದಿಕ್ಕಿನಲ್ಲಿದ್ದಾನೋ, ಅದಕ್ಕೆ ತಾಯಿಯ ಸಹಿಯೇ ಬೇಕಂತೆ. ದೂರಿನ ಫಾರಂ ಇದರ ಜೊತೆ ಇಟ್ಟಿದ್ದೇನೆ. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿಯಾಗಿದೆ. ನೀನೂ ಹಾಕಿ ಬೇಗ ಕಳಿಸು.

ಅಮ್ಮ ನಿನ್ನ ತಲೆ ಸವರಿದೆನೆಂದು ಬರೆ ಅಂದಳು. ದೊಡ್ಡವಳ ಮುತ್ತು ಒಂದಿದೆ. ಮೈ ಜೋಪಾನ ಅಕ್ಕ, ನಿನ್ನ ನೆರಳು ನಮ್ಮ ಮೇಲಿರಲಿ.

ನಿನ್ನ ತಮ್ಮ,
ಚಕ್ರ

ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ.

ಆ ಬುಧವಾರ ಬೆಳಿಗ್ಗೆ ಮರಿಗೂ ಅದೇ ಸಿರಪ್ ಕೊಟ್ಟಿದ್ದೆ. ಬಸ್ಸಿನಲ್ಲಿ ಅಳುತ್ತಾನೆ ಅಂತ ನಾನೇ ಕುಡಿಸಿದೆ, ಎರಡು ಮುಚ್ಚಳ. ನರ್ಸಮ್ಮ ಥರ್ಮಾಮೀಟರ್ ನೋಡಿದ ಮೇಲೆ ಕೇಳಿದ್ದರು, "ಬೆಳಿಗ್ಗೆ ಔಷಧಿ ಏನಾದ್ರೂ ಕೊಟ್ಟಿದ್ದೀರಾ?" ಅಂತ. ಮುಂದಿದ್ದ ಗಾರೆಯವನು ಕೊಟ್ಟಿದ್ದೀನಿ ಅಂದಿದ್ದಕ್ಕೇ ಅವನನ್ನು ಬೆಂಚಿಗೆ ಕಳಿಸಿದ್ದು. ಹೂಂ ಅಂದರೆ ನಾನೂ ಸಂಜೆಯವರೆಗೆ ಅಲ್ಲೇ ಕೂರಬೇಕಿತ್ತು. ನನಗೆ ಕೂರುವುದು ಬೇಕಿರಲಿಲ್ಲ ಅಕ್ಕ. ಬೇರೆ ಯಾವ ಕಾರಣವೂ ಇಲ್ಲ. ಮೇಸ್ತ್ರಿ ಕರೆದಿರಲಿಲ್ಲ, ಯಾವ ಕೆಲಸವೂ ನಿಂತಿರಲಿಲ್ಲ. ಇಲ್ಲ ಅಂದೆ.

ಇದು ಅಮ್ಮನಿಗೂ ಗೊತ್ತಿಲ್ಲ. ನರ್ಸಮ್ಮ ಕೇಳಲೇ ಇಲ್ಲ ಎಂದು ಎಲ್ಲರ ಹತ್ತಿರವೂ ಹೇಳಿದ್ದೇನೆ, ಫಾರಂನಲ್ಲೂ ಹಾಗೇ ಬರೆಸಿದ್ದೇನೆ.

ಚೀಟಿ ಕಳೆದಿಲ್ಲ. ಇಷ್ಟು ದಿನ ನನ್ನ ಜೇಬಿನಲ್ಲೇ ಇತ್ತು. ಅದನ್ನೂ ಕಳಿಸುತ್ತಿದ್ದೇನೆ, ಸಹಿ ಹಾಕುವ ಮುಂಚೆ ಓದು. ಬೆವರಿಗೆ ಶಾಯಿ ಸ್ವಲ್ಪ ಹರಡಿದೆ, ಆದರೆ ಕೊನೆಯ ಸಾಲು ಕಾಣುತ್ತದೆ: "ಜ್ವರವಿಲ್ಲ. ಔಷಧಿ ಕೊಟ್ಟಿಲ್ಲವೆಂದು ಸೋದರಮಾವ ಹೇಳಿದ್ದಾರೆ."