ಮನೆ ನಂಬರ್ ಎರಡು

ಬುಧವಾರ, ಮಧ್ಯಾಹ್ನ
ಕನ್ನಡಕದ ಅಂಗಡಿಯಿಂದ

ಅಕ್ಕನಿಗೆ,

‘ಪ್ರೀತಿಯ’ ಅಂತ ಬರೆಯಲು ಕೈ ಹೋಯಿತು, ಅಭ್ಯಾಸಬಲ. ಹಿಂದಕ್ಕೆ ಎಳೆದುಕೊಂಡೆ. ನಾವೆಲ್ಲ ಇಲ್ಲಿ ಕ್ಷೇಮ ಅಂತಲೂ ಬರೆಯುವುದಿಲ್ಲ, ಏಕೆಂದರೆ ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿರುವುದನ್ನು ಊರಿಗೆ ಊರೇ ಟಿ.ವಿ.ಯಲ್ಲಿ ನೋಡಿದೆ, ಹಾಗಾಗಿ ಅದನ್ನು ವಿಚಾರಿಸುವ ಕೆಲಸವೂ ಉಳಿದಿಲ್ಲ. ಶನಿವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಊಟದ ಬಿಡುವಿನಲ್ಲಿ ಕೂತು ಬರೆಯುತ್ತಿದ್ದೇನೆ. ಓದದೆ ಹರಿದು ಹಾಕಿದರೂ ಚಿಂತೆಯಿಲ್ಲ, ಭಾನುವಾರ ನಾನೇ ಬಂದು ಬಾಯಲ್ಲಿ ಹೇಳುತ್ತೇನೆ.

ವಿಷಯ ಇಷ್ಟು. ಅಮ್ಮ ನಿನ್ನ ಹೊಸ ಮನೆಗೆ ಬರಲು ಚೀಲ ಕಟ್ಟಿಕೊಂಡು ಕೂತಿದ್ದಾಳೆ. ಬೂದು ಬಣ್ಣದ ದೊಡ್ಡ ಚೀಲ, ಅದರ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ಔಷಧಿ ಡಬ್ಬಿ. ಬಂದವರಿಗೆಲ್ಲ ದೊಡ್ಡ ದನಿಯಲ್ಲಿ, ದೊಡ್ಡ ಮಗಳು ಕರ್ಕೊಂಡು ಹೋಗ್ತಾಳೆ, ಕೋಣೆ ಸಿದ್ಧ ಮಾಡ್ತಿದಾಳೆ ಅಂತ ಹೇಳುತ್ತಾಳೆ. ಆ ಕೋಣೆಯಲ್ಲಿ ಏನು ಸಿದ್ಧವಾಗಿದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ, ಆಮೇಲೆ ನಾನು ಉಪ್ಪುಖಾರ ಹಚ್ಚಿದೆ ಅನ್ನಬೇಡ. ಚಳಿ ಮುಗಿಯುವ ಹೊತ್ತಿಗೆ ನೀನೂ ಭಾವನೂ ಬಂದಿರಿ. ಟಿ.ವಿ.ಯ ಮನೆ ಹುಡುಕುವವರ ಕಾರ್ಯಕ್ರಮಕ್ಕೆ ಆಯ್ಕೆಯಾಗಿದ್ದೀವಿ ಅಂದಿರಿ. ಗಂಡ ಹೆಂಡತಿ ಮೂರು ಮನೆ ನೋಡುವುದು, ಮೂಗು ಮುರಿಯುವುದು, ಸ್ನಾನದ ಮನೆ ವಿಷಯಕ್ಕೆ ಜಗಳವಾಡಿದಂತೆ ಮಾಡುವುದು, ಕೊನೆಗೆ ಒಂದನ್ನು ಆರಿಸಿ ಅಪ್ಪಿಕೊಳ್ಳುವುದು. ಪಾಪ, ಇವರಿಗೆ ಇನ್ನೂ ಮನೆ ಸಿಕ್ಕಿಲ್ಲ ಅಂತ ನಾನು ಮರುಗಿದೆ. ನೀನು ನಕ್ಕು, ಕೈಚೀಲದಿಂದ ಬೀಗದ ಕೈ ತೆಗೆದು ತೋರಿಸಿದೆ. ಮನೆ ಕೊಂಡು ಆಗಲೇ ತಿಂಗಳಾಗಿತ್ತು. ಆಗಲೇ ಕೊಂಡವರನ್ನೇ ಟಿ.ವಿ.ಯವರು ಕರೆಯುವುದಂತೆ, ಇಲ್ಲವಾದರೆ ಕೊನೆ ಗಳಿಗೆಯಲ್ಲಿ ಯಾರಾದರೂ ಕೈ ಕೊಟ್ಟರೆ ಕಷ್ಟವಂತೆ. ಮೂರನೆಯ ಮನೆ ನಿಮ್ಮದೇ. ಮೊದಲನೆಯದು ಯಾರೋ ಬಿಲ್ಡರನ ಖಾಲಿ ಫ್ಲ್ಯಾಟು. ನಡುವೆ ಒಂದು ಬೇಡದ ಮನೆ ಬೇಕಾಗಿತ್ತು. ಆಗ ನಿನಗೆ ತಂಗಿಯ ನೆನಪಾಯಿತು.

ಒಂದೇ ದಿನದ ಮಾತು ಕಣೇ, ಬೆಳಗ್ಗೆ ಬಂದು ಸಂಜೆ ಹೋಗ್ತಾರೆ, ನಿನ್ನ ಮನೇನೂ ಟಿ.ವಿ.ಲಿ ಬರುತ್ತೆ ಅಂದೆ. ನಾನು ಹೂಂ ಅಂದೆ. ಅಷ್ಟೇ ಅಲ್ಲ, ಎಂಥ ಪೆದ್ದಿ ನೋಡು, ಹಲ್ಲುಜ್ಜುವ ಬ್ರಷ್ ಹಿಡಿದು ಅಡುಗೆಮನೆಯ ಟೈಲ್ಸಿನ ಸಂದಿಯನ್ನೆಲ್ಲ ತಿಕ್ಕಿದೆ. ಇವರು ರಜೆ ಹಾಕಿ ಕಿಟಕಿಯ ಚೌಕಟ್ಟಿಗೆ ಹಸಿರು ಬಣ್ಣ ಬಳಿದರು. ಟಿ.ವಿ.ಯಲ್ಲಿ ನೀನು ಆ ಬಣ್ಣವನ್ನು ಆಸ್ಪತ್ರೆ ಹಸಿರು ಅಂದೆ. ಇವರು ಯಾವುದಕ್ಕೂ ಮಾತಾಡದ ಮನುಷ್ಯ, ಅವತ್ತಿನಿಂದ ಆ ಕಿಟಕಿಯ ಕಡೆ ಬೆನ್ನು ಹಾಕಿ ಊಟ ಮಾಡುತ್ತಿದ್ದಾರೆ.

ಚಿತ್ರೀಕರಣದ ದಿನ ನಮ್ಮನ್ನು ಎದುರು ಮನೆಯ ದರ್ಜಿಯಮ್ಮನಲ್ಲಿಗೆ ಕಳಿಸಿದಿರಿ. ಅಮ್ಮ ಒಳ್ಳೆಯ ಸ್ವೆಟರ್ ಹಾಕಿಕೊಂಡು, ತಲೆ ಬಾಚಿಕೊಂಡು, ಹೊಲಿಯದ ಬಟ್ಟೆಗಳ ರಾಶಿಯ ನಡುವೆ ಸ್ಟೂಲಿನ ಮೇಲೆ ಕೂತಿದ್ದಳು. ನೀನು ಒಂದು ಸಲವಾದರೂ ಕರೆಯುತ್ತೀಯ, ಕ್ಯಾಮೆರಾದವರಿಗೆ ಇವರು ನಮ್ಮಮ್ಮ ಅಂತ ತೋರಿಸುತ್ತೀಯ ಅಂದುಕೊಂಡಿದ್ದಳು. ಮಧ್ಯಾಹ್ನ ನೀನು ಹೊರಗೆ ಬಂದು ಅವರ ವ್ಯಾನಿನ ಪಕ್ಕ ನಿಂತು ಚಹಾ ಕುಡಿದದ್ದು ಕಿಟಕಿಯಿಂದ ಕಾಣುತ್ತಿತ್ತು. ರಸ್ತೆ ದಾಟಿದ್ದರೆ ಹತ್ತು ಹೆಜ್ಜೆ. ಮುಖಕ್ಕೆ ಬಣ್ಣ ಹಚ್ಚಿದಾರಲ್ಲ, ಬಿಸಿಲಿಗೆ ಬಂದರೆ ಕೆಡುತ್ತೇನೋ ಅಂತ ಅಮ್ಮನೇ ನಿನ್ನ ಪರವಾಗಿ ನನಗೆ ಸಮಜಾಯಿಷಿ ಹೇಳಿದಳು.

ಸಂಜೆ ಮನೆಗೆ ಬಂದು ಅಮ್ಮನ ಕೋಣೆಯ ಸ್ವಿಚ್ ಹಾಕಿದರೆ ದೀಪ ಹತ್ತಲಿಲ್ಲ. ಬಲ್ಬು ಬಿಚ್ಚಿ ಮಂಚದ ಕೆಳಗೆ ಉರುಳಿಸಿ ಹೋಗಿದ್ದರು. ಕಿಟಕಿಯ ಗಾಜಿನ ಸುತ್ತ ಕಪ್ಪು ಬಟ್ಟೆ ಅಂಟಿಸಿದ ಟೇಪಿನ ಗುರುತು ಹಾಗೇ ಇತ್ತು. ಯಾಕೆ ಅಂತ ಆಗ ನನಗೆ ಹೊಳೆಯಲಿಲ್ಲ. ಸಿನಿಮಾದವರ ಕೆಲಸ, ಏನೋ ಇರುತ್ತದೆ ಅಂದುಕೊಂಡು ಸೀಮೆಎಣ್ಣೆಯಲ್ಲಿ ಒರೆಸಿದೆ.

ಶುಕ್ರವಾರ ಪ್ರಸಾರ. ದರ್ಜಿಯಮ್ಮ, ಅವಳ ಗಂಡ, ಮಹಡಿ ಮೇಲಿನ ನರ್ಸು, ಎಲ್ಲರನ್ನೂ ನಾನೇ ಕೂಗಿ ಕರೆದು ಕೂರಿಸಿದ್ದೆ. ಪರದೆಯ ಮೇಲೆ ‘ಮನೆ ನಂಬರ್ ಎರಡು’ ಅಂತ ಬಂದಾಗ ಚಪ್ಪಾಳೆ ಬಿತ್ತು. ನೀನು ಒಳಗೆ ಬಂದೆ. ಭಾವ ಅಡುಗೆಮನೆಯ ಬಾಗಿಲಿಗೆ ತಲೆ ತಗುಲಿಸಿಕೊಂಡು ಅಯ್ಯೋ ಅಂದರು. ಆ ಬಾಗಿಲಲ್ಲಿ ಬಗ್ಗಿ ಬಂದು ಅದೆಷ್ಟು ಸಲ ಉಂಡು ಹೋಗಿದ್ದಾರೆ, ಒಂದು ಸಲವೂ ತಗುಲದ ತಲೆ ಅವತ್ತು ಹೇಗೆ ತಗುಲಿತೋ! ಆಮೇಲೆ ಗೋಡೆ ಬಡಿದು ನೋಡಿದರು. ಇಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಡೋ ಹಾಗಿಲ್ಲ ಅಂತ ನೀನು ಅಂದೆ. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ನೀವು ಕ್ಯಾಮೆರಾ ಇಟ್ಟುಕೊಂಡು ಎಣಿಸಿದಿರಿ. ಆದರೂ ನಾವು ನಕ್ಕೆವು, ನಾಟಕ ತಾನೇ ಅಂತ.

ಆಮೇಲೆ ಅಮ್ಮನ ಕೋಣೆ. ನೀನು ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡೆ. ಒಳಗೆ ಕತ್ತಲೋ ಕತ್ತಲು. ನಿನ್ನ ಕಣ್ಣಲ್ಲಿ ನೀರು. ಇಲ್ಲಿ ಗಾಳಿ ಇಲ್ಲ, ಬೆಳಕಿಲ್ಲ, ನಮ್ಮಮ್ಮನ್ನ ಇಂಥ ಕೋಣೇಲಿ ಇಡೋಕೆ ನನ್ನ ಕೈಲಾಗಲ್ಲ ಅಂದೆ. ಹಿಂದೆ ಪಿಟೀಲು. ನಿರೂಪಕಿ ನಿನ್ನ ಭುಜ ಹಿಡಿದುಕೊಂಡಳು.

ಅಕ್ಕಾ, ಅದು ಅಮ್ಮ ಮಲಗುವ ಕೋಣೆ. ಅದು ಅಮ್ಮನ ಮಂಚ. ಆ ಮಾತು ಬಂದಾಗ ಅಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು. ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ದರ್ಜಿಯಮ್ಮ ಎದ್ದು ಹೋಗಿ ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು. ಬೆಳಗ್ಗೆ ಆ ಕಿಟಕಿಯಿಂದ ಬಿಸಿಲು ಅಮ್ಮನ ಕಾಲ ತುದಿಯವರೆಗೆ ಬರುತ್ತದೆ, ಪರದೆ ಎಳಿ ಅಂತ ಅವಳು ನನ್ನನ್ನು ದಿನಾ ಗದರುತ್ತಾಳೆ ಅಂತ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಮೂರನೆಯ ಮನೆಯಲ್ಲಿ ನೀನು ಕೆಳಗಿನ ದೊಡ್ಡ ಕೋಣೆಯ ಕಿಟಕಿ ತೆರೆದು, ಇದು ಅಮ್ಮನ ಕೋಣೆ, ಇನ್ಮೇಲೆ ಅಮ್ಮ ನನ್ನ ಜೊತೆ ಅಂದೆ. ಅಷ್ಟಕ್ಕೇ ಆ ಮನೆ ಗೆದ್ದಿತು. ಮಾರನೆಯ ಬೆಳಗ್ಗೆ ಅಮ್ಮ ಕಪಾಟಿನ ಮೇಲಿನ ಚೀಲ ಇಳಿಸಿಕೊಡು ಅಂದಳು.

ನಾನು ತಕ್ಷಣ ನಿನಗೆ ಫೋನ್ ಮಾಡಿದೆ. ನೀನು ಎತ್ತಿದ ಕೊನೆಯ ಫೋನ್ ಅದು. ಅದೆಲ್ಲಾ ಅವರು ಹೇಳಿಕೊಟ್ಟಿದ್ದು ಕಣೇ, ಕೆಳಗಿನ ಆ ದೊಡ್ಡ ಕೋಣೆ ಯಾಕೆ ಬೇಕು ಅನ್ನೋದಕ್ಕೆ ಒಂದು ಕಾರಣ ಬೇಕಿತ್ತು ಅಂತ ನೀನು ಅಂದೆ. ಆ ಕೋಣೆಯಲ್ಲಿ ಆಗಲೇ ಭಾವನ ಟ್ರೆಡ್‌ಮಿಲ್ ಯಂತ್ರ ಕೂತಿದೆ ಅಂದೆ. ಅಮ್ಮನಿಗೆ ಎರಡು ದಿನದಲ್ಲಿ ಮರೆತುಹೋಗುತ್ತೆ ಬಿಡು ಅಂದೆ. ಅಮ್ಮನಿಗೆ ಹೋಗಿರುವುದು ಮೊಣಕಾಲು, ಬುದ್ಧಿಯಲ್ಲ. ಆಗಾಗ ಬಂದು ನೋಡಿದ್ದರೆ ನಿನಗೂ ತಿಳಿದಿರುತ್ತಿತ್ತು.

ಈಗ ನನ್ನ ಪಾಡು ಕೇಳು. ಅದು ನಮ್ಮ ಮನೆ ಅಂತ ಊರಿಗೆಲ್ಲ ಗೊತ್ತು, ಅಂಗಡಿಗೆ ಬರುವವರು ಅಕ್ಷರದ ಹಲಗೆ ಓದುವುದು ಬಿಟ್ಟು ನನ್ನ ಮುಖ ಓದುತ್ತಿದ್ದಾರೆ. ಸೋಮವಾರ ಒಬ್ಬ ಮುದುಕರು, ಒಂದು ಕಣ್ಣಿಗೆ ಮುಚ್ಚಳ ಹಾಕಿಸಿಕೊಂಡು ಕೂತಿದ್ದವರು, ಇನ್ನೊಂದು ಕಣ್ಣಿಂದ ನನ್ನನ್ನೇ ದಿಟ್ಟಿಸುತ್ತ, ತಾಯಿ ಯಾವತ್ತು ಹೊರಡ್ತಾರೆ ಅಂತ ಕೇಳಿದರು. ನಿನ್ನೆ ಒಬ್ಬ ಹೆಂಗಸು ಅಮ್ಮನಿಗೆ ಅಂತ ಒಂದು ಮೇಜಿನ ದೀಪ ತಂದುಕೊಟ್ಟಳು, ಹಳೆಯದೇ, ಆದರೆ ಚೆನ್ನಾಗಿ ಉರಿಯುತ್ತೆ ಅಂತ. ಬೇಡ ಅನ್ನಲೂ ಆಗದೆ ಇಟ್ಟುಕೊಂಡೆ. ಸ್ವಂತ ಅಕ್ಕನೇ ಅತ್ತಳು ಅಂದಮೇಲೆ ನನ್ನ ಮಾತನ್ನು ಯಾರು ನಂಬುತ್ತಾರೆ? ನಾನು ಹೆತ್ತ ತಾಯಿಯನ್ನು ಕತ್ತಲಲ್ಲಿ ಕೂಡಿಹಾಕಿದವಳು, ನೀನು ಬಿಡಿಸಿಕೊಂಡು ಹೋಗುವವಳು.

ಅದನ್ನಾದರೂ ನುಂಗಿಕೊಳ್ಳುತ್ತೇನೆ. ನುಂಗಲಾಗದ್ದು ಇನ್ನೊಂದಿದೆ. ಅಮ್ಮ ನನ್ನನ್ನು ಒಂದು ಮಾತು ಕೇಳಲಿಲ್ಲ. ಹೋಗಲಾ ಅನ್ನಲಿಲ್ಲ. ಇಷ್ಟು ವರ್ಷ ಅವಳ ತಲೆ ತೊಳೆದು, ಉಗುರು ಕತ್ತರಿಸಿ, ಕಾಲಿಗೆ ಎಣ್ಣೆ ತಿಕ್ಕಿದವಳು ನಾನು. ನೀನು ವರ್ಷಕ್ಕೊಮ್ಮೆ ಹಣ್ಣಿನ ಬುಟ್ಟಿ ಹಿಡಿದು ಬಂದರೆ ಅದರ ಮಾತು ಆರು ತಿಂಗಳು ನಡೆಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ, ಗೊತ್ತು. ಆದರೆ ನೀನು ಸುಳ್ಳಿಗೆ ಒಂದು ಕೋಣೆ ತೋರಿಸಿದ್ದಕ್ಕೇ ಅವಳು ಅಷ್ಟು ಅವಸರವಾಗಿ ಚೀಲ ಕಟ್ಟಿದಳಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತಿದೆ. ನಿನ್ನ ಮೇಲೆ ನನಗೆ ದ್ವೇಷ ಬಂದಿದೆ, ಅಕ್ಕ. ಕೋಪ ಅಲ್ಲ. ಕೋಪ ನನಗೆ ನಿನ್ನ ಮೇಲೆ ಚಿಕ್ಕಂದಿನಿಂದ ಇದೆ, ಇದು ಬೇರೆ.

ಅದು ನಾಟಕ ಅಂತ ಅಮ್ಮನಿಗೆ ನಾನೇ ಹೇಳಬಹುದಿತ್ತು. ಎರಡು ಸಲ ಬಾಯಿ ತೆರೆದೆ. ಅವಳು ಸ್ವೆಟರಿನ ಗುಂಡಿ ಬಿಗಿ ಮಾಡುತ್ತಿದ್ದಳು, ನನ್ನಿಂದಾಗಲಿಲ್ಲ. ನಿನ್ನ ಪಾಲಿನ ಕೆಲಸವನ್ನೆಲ್ಲ ಇಲ್ಲಿಯವರೆಗೆ ನಾನು ಮಾಡಿದ್ದೇನೆ, ಇದೊಂದನ್ನು ಮಾಡುವುದಿಲ್ಲ. ಶನಿವಾರದೊಳಗೆ ನೀನು ಇಲ್ಲಿಗೆ ಬಂದು, ಅವಳ ಮುಂದೆ ಕೂತು, ಅಮ್ಮಾ ನಾನು ಸುಳ್ಳು ಹೇಳಿದೆ, ನಿನಗೆ ನನ್ನ ಮನೇಲಿ ಜಾಗ ಇಲ್ಲ ಅಂತ ನಿನ್ನ ಬಾಯಿಂದಲೇ ಹೇಳು. ಇಲ್ಲವಾದರೆ ಭಾನುವಾರ ಬೆಳಗ್ಗೆ ಟ್ಯಾಕ್ಸಿಯಲ್ಲಿ ಅವಳನ್ನು ಕರೆದುಕೊಂಡು ಬಂದು ನಿನ್ನ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಭಾವ ಬೇಕಾದರೆ ಆ ಯಂತ್ರವನ್ನು ಬೀದಿಯಲ್ಲಿಟ್ಟು ಓಡಲಿ. ಮಾತು ಆಡಿದರೆ ಹೋಯಿತು ಅಂತಾರೆ, ನಿನ್ನದು ಊರೆಲ್ಲ ಕೇಳುವ ಹಾಗೆ ಹೋಗಿದೆ.

ಮಾಲೀಕರು ಊಟ ಮುಗಿಸಿ ಬಂದರು. ನನ್ನ ಊಟ ಡಬ್ಬಿಯಲ್ಲೇ ಉಳಿಯಿತು, ಅದೂ ನಿನ್ನ ಲೆಕ್ಕಕ್ಕೇ.

ಇಂತಿ,
ಬಿಡಿಸಿಕೊಳ್ಳಲು ದಾರಿಯಿಲ್ಲದ್ದರಿಂದ ಇನ್ನೂ ನಿನ್ನ
ತಂಗಿ

ಮರೆತ ಮಾತು, ಬುಧವಾರ ಸಂಜೆ, ಮನೆಯಿಂದ:

ಲಕೋಟೆ ಅಂಟಿಸುವಾಗ, ಅದೇನು ಬರೆದಿದೀಯ ಅಂತ ಅಮ್ಮ ಕೇಳಿದಳು. ಅಕ್ಕನಿಗೆ ಅಂದೆ. ಬೈದಿದೀಯಾ ಅಂದಳು. ಹೂಂ ಅಂದೆ. ಅದಕ್ಕೆ ಅಮ್ಮ, ಅವಳು ಹೇಳಿದ್ದು ನಾಟಕ ಅಂತ ನನಗೆ ಅವತ್ತೇ ಗೊತ್ತಾಯ್ತು ಕಣೇ, ಹೆತ್ತವಳಿಗೆ ಗೊತ್ತಾಗಲ್ವಾ ಅಂದಳು. ಹಾಗಾದರೆ ಈ ಚೀಲ ಯಾಕೆ ಅಂತ ನಾನು ಕೂಗಾಡಿದೆ. ಊರಿಗೆಲ್ಲ ಕೇಳೋ ಹಾಗೆ ಹೇಳಿಬಿಟ್ಟಿದಾಳೆ, ನಾನು ಹೋಗದೆ ಇದ್ದರೆ ನಾಳೆ ಜನ ಅವಳನ್ನ ಸುಳ್ಳಿ ಅಂತಾರೆ, ಅವಳಿಗೆ ತಲೆ ಎತ್ತಿಕೊಂಡು ಓಡಾಡೋಕೆ ಆಗಲ್ಲ ಅಂದಳು. ಒಂದು ವಾರ ಇದ್ದು ಬರುತ್ತಾಳಂತೆ. ಆಮೇಲೆ, ಹೊಸ ಜಾಗ, ನನಗೇ ನಿದ್ದೆ ಹತ್ತಲಿಲ್ಲ, ಮಗಳು ಬೇಡ ಬೇಡ ಅಂದರೂ ನಾನೇ ಹಟ ಮಾಡಿ ವಾಪಸ್ ಬಂದೆ ಅಂತ ಎಲ್ಲರಿಗೂ ಹೇಳುತ್ತಾಳಂತೆ. ನನಗೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, ಹೇಳಿದ್ದರೆ ನೀನು ಬಿಡ್ತಿರಲಿಲ್ಲ ಅಂದಳು. ಹಾಸಿಗೆ ಮಡಚಿ ಇಡಬೇಡ, ವಾರದಲ್ಲಿ ಬಂದುಬಿಡ್ತೀನಿ ಅಂತಲೂ ಅಂದಳು.

ಆದ್ದರಿಂದ ಮೇಲೆ ಬರೆದದ್ದರಲ್ಲಿ ಒಂದನ್ನು ಬದಲಾಯಿಸುತ್ತೇನೆ. ನಿಜ ಹೇಳಲು ಬರಬೇಡ, ಅವಳಿಗೆ ಅದು ಬೇಕಿಲ್ಲ. ಭಾನುವಾರ ಬಾಗಿಲು ತೆರೆ. ಒಂದು ವಾರ ಅಮ್ಮನ ಮೇಲೆ ಪ್ರೀತಿ ಇರುವ ಮಗಳ ಹಾಗೆ ನಟಿಸು. ನಿನಗೆ ಅದು ಚೆನ್ನಾಗಿ ಬರುತ್ತದೆ, ನಾವೆಲ್ಲ ನೋಡಿದ್ದೇವೆ.