ಕಾಲು ತೊಳೆದ ಫಲ

ಕಲಬುರಗಿ

ತಂಗಿ ಲಿಡಿಯಾ,

ಬೋಧನೆ ಬಾಯಲ್ಲಷ್ಟೇ ಇದ್ದರೆ ಸಾಲದೆಂದು ನಿನ್ನ ಪಾಸ್ಟರ್ ಅಣ್ಣ ಕಮಲಾಪುರದ ಮನೆ ಪ್ರಾರ್ಥನೆಯಲ್ಲಿ ಶಿಷ್ಯರ ಕಾಲು ತೊಳೆದ ಯೇಸುವಿನಂತೆ ಮೊಣಕಾಲೂರಿ, ಮುಂದೆ ಕೂತಿದ್ದ ಬಾಳೆತೋಟದ ಹುಡುಗ ಪ್ರಭಾಕರನ ಕಾಲು ತೊಳೆದ. ಅವನ ಅಜ್ಜಿ ಕಣ್ಣೊರೆಸಿಕೊಂಡರು. ನನ್ನ ದೀನತೆಗೆ ಅವರ ಮನಸ್ಸು ಕರಗಿತೆಂದು ಒಳಗೊಳಗೇ ಬೀಗಿದೆ.

“ನಮ್ ಕಡೆ ಹೆಣ್ಣ ಕೊಡೋರು ಅಳಿಯನ ಕಾಲ ತೊಳಿತಾರ್ರಿ ಪಾಸ್ಟರ್ರೇ. ನಿಮ್ ಮನ್ಯಾಗ ಹೆಣ್ಣ ಅದ ಏನ್ರಿ?” ಎಂದರು ಅಜ್ಜಿ.

ಗಾಬರಿಯಲ್ಲಿ “ತಂಗಿ ಇದ್ದಾಳೆ” ಎಂದುಬಿಟ್ಟೆ. ಸುಳ್ಳಾಡಬಾರದೆಂದು ಹಿಂದಿನ ವಾರವಷ್ಟೇ ಬೋಧಿಸಿದ್ದೆ.

ಇಲ್ಲಿಯ ಬಿಸಿಲಿಗೆ ಮೈ ಒಗ್ಗಿದೆ, ಮೊಣಕಾಲು ಮಾತ್ರ ಊದಿದೆ. ಮುಂದಿನ ವಾರ ಅಜ್ಜಿ, ಮೊಮ್ಮಗ ನಿನ್ನನ್ನು ನೋಡಲು ಕೆಂಪು ಬಾಳೆಗೊನೆ ಹೊತ್ತು ಮಂಗಳೂರಿಗೆ ಬರುತ್ತಾರೆ. ಅಮ್ಮನಿಗೆ ನೀನೇ ಹೇಳು. ಬಸ್ ಬಂತು. ಹುಡುಗ ಹೇಗಿದ್ದಾನೆಂದು ಕೇಳಬೇಡ, ನಾನು ತಲೆಯೆತ್ತಿ ನೋಡಲೇ ಇಲ್ಲ. ಕಾಲುಗಳು ಚೆನ್ನಾಗಿವೆ.

ಅಣ್ಣ ಸುಕುಮಾರ